ನಾಲ್ಕನೇ ಅಧ್ಯಾಯದ ಒಂಬತ್ತನೇ ದಿನ

ಜೂನ್ ೮

ಪ್ರೀತಿಯ ಮಾವ,

ಕೊನೆಗೂ ಹೆಡ್‌ಮಿಸ್ ಕುರ್ಚಿ ಸಿಕ್ಕಿತು. ಮೊದಲು ಇದರಲ್ಲಿ ಕೂತವರು ಬಲು ಎತ್ತರದ ಆಳಿರಬೇಕು, ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ಹಳೇ ಹಾಜರಿ ಪುಸ್ತಕಗಳ ಕಟ್ಟೊಂದನ್ನು ಮೇಜಿನ ಕೆಳಗಿಟ್ಟು, ಅದರ ಮೇಲೆ ಕಾಲಿಟ್ಟುಕೊಂಡು ಆಡಳಿತ ನಡೆಸುತ್ತಿದ್ದೇನೆ.

ಫೋನ್ ಮಾಡಿದರೆ ನೀವು "ಕಾಗದ ಬರಿ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಗೆ ಮೂರು ಅಂತಸ್ತು, ಹದಿನಾರು ಜನ ಶಿಕ್ಷಕರು, ನಾನೂರ ಹತ್ತು ಮಕ್ಕಳು. ಕೆಲಸ ಇನ್ನೂ ಕಾಯಂ ಆಗಿಲ್ಲ. ಅಕ್ಟೋಬರಿನಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಬಂದು ಒಬ್ಬೊಬ್ಬರನ್ನೇ ಮಾತಾಡಿಸುತ್ತಾರಂತೆ. ಒಪ್ಪಿಗೆಯಾದರೆ ಕುರ್ಚಿ ನನ್ನದು, ಇಲ್ಲದಿದ್ದರೆ ಒಂದು ಹೂಗುಚ್ಛ ಕೈಗಿಟ್ಟು ಬೀಳ್ಕೊಡುತ್ತಾರೆ. ಹದಿನೆಂಟು ವರ್ಷ ಪಾಠ ಮಾಡಿದ್ದು ಈ ಒಂದು ಅವಕಾಶಕ್ಕೆ, ಮಾವ. ಹೂಗುಚ್ಛ ಹಿಡಿದು ಮನೆಗೆ ಹೋಗುವ ಆಸೆ ನನಗಿಲ್ಲ.

ಶಾಲೆ ನಡೆಸುವುದರ ಬಗ್ಗೆ ನೀವು ಬರೆದ ಪುಸ್ತಕ ಮೇಜಿನ ಮೇಲೇ ಇದೆ. ತರಬೇತಿ ಕಾಲೇಜಿನಲ್ಲಿ ನೀವು ಪಾಠ ಹೇಳುವಾಗ ಗೀಟು ಹಾಕಿಕೊಂಡ ಅದೇ ಪ್ರತಿ. ಪರೀಕ್ಷೆಯಲ್ಲಿ ಅಕ್ಕನ ಮಗಳು ಎಂಬ ಕರುಣೆಯೂ ಇಲ್ಲದೆ ಐವತ್ತೆಂಟು ಅಂಕ ಕೊಟ್ಟಿರಿ, ನಾನದನ್ನು ಮರೆತಿಲ್ಲ. ಇರಲಿ. ಇಲ್ಲಿನ ಶಿಕ್ಷಕರ ಕೊಠಡಿಯಲ್ಲಿ ಬಾಗಿಲಿನಷ್ಟು ದೊಡ್ಡ ಮರದ ಹಲಗೆಯೊಂದಿದೆ. ಅದರ ತುಂಬ ಸಣ್ಣ ಮೊಳೆ, ಒಂದೊಂದು ಮೊಳೆಗೂ ಒಂದು ರಟ್ಟಿನ ಚೀಟಿ. ಇದೇ ಇಡೀ ಶಾಲೆಯ ವೇಳಾಪಟ್ಟಿ. ಇಪ್ಪತ್ತೆರಡು ವರ್ಷದಿಂದ ಅದನ್ನು ಗಣಿತದ ಮೇಷ್ಟ್ರು ಒಬ್ಬರೇ ಮಾಡುತ್ತಿದ್ದಾರೆ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಶಿಕ್ಷಕರು ನನ್ನ ಹತ್ತಿರ ಸಹಿಗೆ ಬರುತ್ತಾರೆ, ತೊಂದರೆ ಹೇಳಿಕೊಳ್ಳಲು ಅವರ ಹತ್ತಿರ ಹೋಗುತ್ತಾರೆ.

ನಿಮ್ಮ ನಾಲ್ಕನೇ ಅಧ್ಯಾಯವೇ ಎದ್ದು ಬಂದ ಹಾಗಿದೆ! 'ಒಂದು ಶಾಲೆಯಲ್ಲಿ' ಎಂದು ಶುರುವಾಗುವ ಉದಾಹರಣೆ ನನಗೆ ಬಾಯಿಪಾಠ. ವೇಳಾಪಟ್ಟಿ ಒಬ್ಬರ ಕೈಯಲ್ಲಿತ್ತು, ಹೊಸ ಮುಖ್ಯೋಪಾಧ್ಯಾಯರು ಮೂವರ ಸಮಿತಿ ಮಾಡಿದರು, ಸಮಿತಿ ಎಂಟು ದಿನ ಕೂತಿತು, ಒಂಬತ್ತನೇ ದಿನ ಶಾಲೆ ತಾನೇ ತಾನಾಗಿ ನಡೆಯಿತು. ನಾನೂ ಹಾಗೇ ಮಾಡುತ್ತೇನೆ. ಏನೆನ್ನುತ್ತೀರಿ?

ನಿಮ್ಮ ಮೊಂಡಿ


ಜೂನ್ ೧೯

ಮೊಂಡಿ,

ನಿನ್ನ ಕಾಲು ನೆಲಕ್ಕೆ ತಾಗದಿದ್ದರೇನಂತೆ, ಮೂಗಂತೂ ಯಾವಾಗಲೂ ಎತ್ತರದಲ್ಲೇ ಇತ್ತು. ಸಂತೋಷವಾಯಿತು. ನಿನ್ನ ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಬೀದಿಯ ಅಷ್ಟೂ ಮನೆಗೆ ಹೇಳಿ ಬರುತ್ತಿದ್ದಳು.

ಆದರೆ ನಾಲ್ಕನೇ ಅಧ್ಯಾಯದಿಂದಲೇ ಯಾಕೆ ಶುರು ಮಾಡಬೇಕು? ಎರಡನೆಯದನ್ನು ನೋಡು. ಸಭೆ ಕರೆಯುವುದು ಹೇಗೆ, ನಡಾವಳಿ ಬರೆಯುವುದು ಹೇಗೆ ಎಂದೆಲ್ಲ ಇದೆ. ಓದಿದರೆ ನಿದ್ದೆ ಬರುತ್ತದೆ, ಆದರೆ ಅದರಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಆ ಗಣಿತದ ಮೇಷ್ಟ್ರ ಜೊತೆ ಒಂದಷ್ಟು ದಿನ ಸುಮ್ಮನೆ ಕಾಫಿ ಕುಡಿ.

ಪ್ರಕಾಶಕರು ಡಿಸೆಂಬರಿಗೆ ಪುಸ್ತಕದ ಪರಿಷ್ಕೃತ ಮುದ್ರಣ ಬೇಕೆಂದಿದ್ದಾರೆ. ಎಲ್ಲ ಕೈಗೆ ಸಿಗಲಿ ಎಂದು ಮಹಡಿಯ ಪುಸ್ತಕಗಳನ್ನು ಕೆಳಗೆ ತರಿಸಿದೆ. ಮಂಚವೂ ಕೆಳಗೇ ಬಂತು. ಮೇಲೆ ವಿಪರೀತ ಸೆಕೆ.

ಮಾವ


ಜುಲೈ ೧೨

ಮಾವ,

ಎರಡನೇ ಅಧ್ಯಾಯ ಓದು ಎಂದಿದ್ದರ ಅರ್ಥ ತಿಳಿಯಿತು. ಐವತ್ತೆಂಟು ಅಂಕದವಳಿಗೆ ನಡಾವಳಿ ಬರೆಯುವುದೇ ಸಾಕು, ಅಲ್ಲವೇ? ಸಣ್ಣವಳಿದ್ದಾಗ ಸೈಕಲ್ ಕಲಿಯುತ್ತೇನೆಂದರೆ "ಮೊದಲು ಅದನ್ನ ಒರೆಸೋದು ಕಲಿ" ಎಂದವರು ನೀವು.

ಸಮಿತಿ ಮಾಡಿಯೇ ಬಿಟ್ಟೆ. ವಿಜ್ಞಾನದ ಟೀಚರು, ಇಂಗ್ಲಿಷ್ ಮೇಷ್ಟ್ರು, ಆಟದ ಮೇಷ್ಟ್ರು. ಮೂವರೂ ಕಂಪ್ಯೂಟರ್ ಮುಂದೆ ಕೂತು ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ ಹಾಕಿ ಚೆಂದದ ಪಟ್ಟಿ ತಯಾರಿಸಿದರು. ಎಲ್ಲರಿಗೂ ಸಮ ಪೀರಿಯಡ್, ಸಮ ಬಿಡುವು. ಗಣಿತದ ಮೇಷ್ಟ್ರಿಗೆ ಹೇಳಿದಾಗ "ಆಗ್ಲಿ ಮೇಡಂ" ಎಂದರು, ಅಷ್ಟೇ. ತಾವೇ ಚೀಟಿಗಳನ್ನು ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಡಬ್ಬಿ, ಹಲಗೆ ಎರಡೂ ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಹೋದವು.

ಎಂಟನೇ ದಿನ ಸಂಜೆ ಹೊಸ ಪಟ್ಟಿಯನ್ನು ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿದೆವು. ನಾನು ನಿಮ್ಮನ್ನು ನೆನೆದೆ.

ಶಾಲೆಯ ಗೋಡೆಗಳಿಗೆ ಬಣ್ಣ ಬಳಿಸುತ್ತಿದ್ದೇನೆ. ತಿಳಿ ಹಸಿರು. ಬಳಿಯುವವರು ಬಹಳ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾರೆ. ನನ್ನ ಮೇಜಿನ ಕೆಳಗೆ ಯಾರೋ ಒಂದು ಪುಟ್ಟ ಕಾಲ್ಮಣೆ ತಂದಿಟ್ಟಿದ್ದಾರೆ, ಗುಮಾಸ್ತರ ಕೆಲಸವಿರಬೇಕು. ಈಗ ಕಾಲಿಗೆ ನೆಮ್ಮದಿ.

ಮೊಂಡಿ


ಆಗಸ್ಟ್ ೨೩

ಮಾವ,

ನನ್ನ ಕಾಗದ ತಲುಪಿತೇ? ಒಂದೂವರೆ ತಿಂಗಳಾಯಿತು. ಮಾತು ಕೇಳಲಿಲ್ಲವೆಂದು ಸಿಟ್ಟಾಗಿದ್ದರೆ ಬೈದು ಬರೆಯಿರಿ, ಸುಮ್ಮನಿರಬೇಡಿ. ನೀವು ಬೈದರೆ ತಡೆದುಕೊಳ್ಳುವುದು ನನಗೆ ಅಭ್ಯಾಸವಿದೆ, ಸುಮ್ಮನಿದ್ದರೆ ಇಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಗೋಡೆ ಒಣಗಿದೆ.

ಮೊಂಡಿ


ಸೆಪ್ಟೆಂಬರ್ ೯

ಮೊಂಡಿ,

ಸಿಟ್ಟೇನೂ ಇಲ್ಲ. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಓದಿ ನೋಡದೆಯೇ ಅಂಚೆಗೆ ಹಾಕಿಸುತ್ತೇನೆ.

ನಿನ್ನ ಕಾಗದದಲ್ಲಿ ಎಂಟನೇ ದಿನ ಇದೆ, ಆಮೇಲೆ ಗೋಡೆಯ ಬಣ್ಣ ಬರುತ್ತದೆ. ಒಂಬತ್ತನೇ ದಿನ ಕಾಣಲಿಲ್ಲ. ನನ್ನ ಪುಸ್ತಕದಲ್ಲಿ ಒಂಬತ್ತನೇ ದಿನ ಇದೆ, ಆದರೆ ಅದು ಸುಳ್ಳು.

ಆ 'ಒಂದು ಶಾಲೆ' ನಾನಿದ್ದ ಶಾಲೆ. ಆ ಹೊಸ ಮುಖ್ಯೋಪಾಧ್ಯಾಯ ನಾನೇ. ಮೂವತ್ತನಾಲ್ಕು ವಯಸ್ಸು, ತಲೆ ತುಂಬ ಸಿದ್ಧಾಂತ. ಭಾಷೆಯ ಟೀಚರೊಬ್ಬರು ವೇಳಾಪಟ್ಟಿ ಮಾಡುತ್ತಿದ್ದರು. ಅವರ ಕೈಯಿಂದ ಅದನ್ನು ಕಿತ್ತುಕೊಂಡು ಸಮಿತಿಗೆ ಕೊಟ್ಟೆ. ಎಂಟು ದಿನದ ವಿಷಯ ನಿಜ. ಒಂಬತ್ತನೇ ದಿನ ಒಂದೇ ತರಗತಿಗೆ ಇಬ್ಬರು ಮೇಷ್ಟ್ರು ಹೋದರು, ಇನ್ನೊಂದಕ್ಕೆ ಯಾರೂ ಹೋಗಲಿಲ್ಲ. ಅದೇನೋ ಸರಿಹೋಯಿತು. ಸರಿಹೋಗದೆ ಉಳಿದವರು ಆ ಟೀಚರು. ವರ್ಷವಿಡೀ ಶಿಕ್ಷಕರ ಕೊಠಡಿಯ ಮೂಲೆಯಲ್ಲಿ ಕೂತಿರುತ್ತಿದ್ದರು, ನಾನು ಏನು ಹೇಳಿದರೂ "ಸರಿ ಸಾರ್" ಎನ್ನುತ್ತಿದ್ದರು. ಅವರು ಹಾಗೆಂದ ಮೇಲೆ ಉಳಿದವರೂ ಅದನ್ನೇ ಹೇಳತೊಡಗಿದರು. ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ವರ್ಷದ ಕೊನೆಗೆ ರಾಜೀನಾಮೆ ಕೊಟ್ಟೆ. ದೊಡ್ಡ ಹುದ್ದೆ ಬಂತು, ಅದಕ್ಕೇ ಬಿಟ್ಟೆ ಎಂದು ಮನೆಯಲ್ಲಿ ಹೇಳಿದೆ. ನಿನ್ನ ಅಮ್ಮನಿಗೂ ಹಾಗೇ ಹೇಳಿದ್ದು.

ಪುಸ್ತಕ ಬರೆಯುವಾಗ ಆ ಜಾಗಕ್ಕೆ ಗೆದ್ದ ಉದಾಹರಣೆಯೊಂದು ಬೇಕಿತ್ತು. ನನ್ನ ಹತ್ತಿರ ಸೋತದ್ದು ಮಾತ್ರ ಇತ್ತು. ಕೊನೆಯ ಸಾಲು ಬದಲಿಸಿದೆ. ಮೂವತ್ತು ವರ್ಷ ಅದನ್ನು ಪಾಠ ಹೇಳಿದೆ, ನೀನು ಮುಂದಿನ ಬೆಂಚಿನಲ್ಲಿ ಕೂತು ಗೀಟು ಹಾಕಿಕೊಂಡೆ. ಜೂನ್‌ನಲ್ಲಿ ನಿನ್ನ ಕಾಗದ ಬಂದಾಗಲೇ ಇದನ್ನು ಹೇಳಬೇಕಿತ್ತು. ನಾಚಿಕೆಯಾಯಿತು, ಎರಡನೇ ಅಧ್ಯಾಯದ ಹಿಂದೆ ಅವಿತುಕೊಂಡೆ. ನಿನ್ನ ಕೆಲಸಕ್ಕೆ ಕುತ್ತು ಬಂದಿದ್ದರೆ ಅದಕ್ಕೆ ನಾನೇ ಹೊಣೆ.

ಮಾವ


ಸೆಪ್ಟೆಂಬರ್ ೯

ಮಾವ,

ನಿಮ್ಮಿಂದ ಉತ್ತರವಿಲ್ಲ. ಆದರೂ ಬರೆಯುತ್ತೇನೆ. ಜುಲೈಯಲ್ಲಿ ನುಂಗಿಕೊಂಡದ್ದನ್ನು ಇವತ್ತು ಹೇಳಿಬಿಡುತ್ತೇನೆ.

ಒಂಬತ್ತನೇ ದಿನ ಶಾಲೆ ತಾನೇ ತಾನಾಗಿ ನಡೆಯಲಿಲ್ಲ. ವಿಜ್ಞಾನದ ಟೀಚರು ಮತ್ತು ಇತಿಹಾಸದ ಟೀಚರು ಏಳು ವರ್ಷದಿಂದ ಮಾತು ಬಿಟ್ಟಿದ್ದಾರಂತೆ. ಹೊಸ ಪಟ್ಟಿಯಲ್ಲಿ ಇಬ್ಬರಿಗೂ ಒಂದೇ ಕೊಠಡಿ, ಒಬ್ಬರಾದ ಮೇಲೆ ಒಬ್ಬರು. ಒಳಗಿರುವವರು ಹೊರಗೆ ಬರುವುದಿಲ್ಲ, ಹೊರಗಿರುವವರು ಒಳಗೆ ಹೋಗುವುದಿಲ್ಲ. ಇಬ್ಬರೂ ಬಾಗಿಲ ಆಚೀಚೆ ನಿಂತು ಸೂರು ನೋಡುತ್ತಾರೆ, ಮಕ್ಕಳು ಗಡಿಯಾರ ನೋಡುತ್ತಾರೆ. ದಾಖಲೆ ಆರು ನಿಮಿಷವಂತೆ. ಸಮಿತಿಯಲ್ಲಿದ್ದ ವಿಜ್ಞಾನದ ಟೀಚರನ್ನೇ ಕೇಳಿದೆ, ಮೊದಲೇ ಹೇಳಬಾರದಿತ್ತೇ ಎಂದು. "ಅದನ್ನೆಲ್ಲ ಕಮಿಟೀಲಿ ಹೇಗೆ ಹೇಳೋದು ಮೇಡಂ?" ಎಂದರು. ಏಳನೇ ಬಿ ತರಗತಿಗೆ ಊಟವಾದ ಕೂಡಲೇ ಲೆಕ್ಕದ ಪಾಠ. ಅರ್ಧ ತರಗತಿ ನಿದ್ದೆ, ಇನ್ನರ್ಧ ಗಲಾಟೆ.

ಇದೆಲ್ಲ ನಗುವ ವಿಷಯ. ಮುಂದಿನದು ನಗುವಂಥದ್ದಲ್ಲ. ಚಿತ್ರಕಲೆಯ ಟೀಚರು ಮೂರು ಬುಧವಾರ ತಡವಾಗಿ ಬಂದರು. ಕಾರಣ ಕೇಳಿ ನೋಟಿಸ್ ಕೊಟ್ಟೆ. ಅವರು ಉತ್ತರ ಕೊಡಲಿಲ್ಲ, ಅಧ್ಯಕ್ಷರಿಗೆ ನನ್ನ ಮೇಲೆ ದೂರು ಬರೆದರು. ಇನ್ನಿಬ್ಬರು ಅದಕ್ಕೆ ಸಹಿ ಹಾಕಿದರು. ಗಣಿತದ ಮೇಷ್ಟ್ರನ್ನು ಕರೆದು ಏನಾಗುತ್ತಿದೆ ಎಂದು ಕೇಳಿದರೆ, "ನೀವು ಹೇಳಿದ ಹಾಗೆ ಮೇಡಂ" ಎನ್ನುತ್ತಾರೆ. ಬೇರೆ ಮಾತೇ ಇಲ್ಲ.

ನಿಮ್ಮ ಪುಸ್ತಕದ ಆ ಶಾಲೆಯಲ್ಲಿ ಆದದ್ದು ನನ್ನ ಕೈಯಲ್ಲಿ ಯಾಕೆ ಆಗಲಿಲ್ಲ? ಎಲ್ಲಿ ತಪ್ಪಿದೆ? ಅಕ್ಟೋಬರ್ ಇಪ್ಪತ್ತಕ್ಕೆ ಅಧ್ಯಕ್ಷರು ಬರುತ್ತಾರೆ. ಹೂಗುಚ್ಛ ಈಗಲೇ ಕಣ್ಣಿಗೆ ಕಾಣುತ್ತಿದೆ.

ಮೊಂಡಿ


ಸೆಪ್ಟೆಂಬರ್ ೧೬

ಮಾವ,

ನಮ್ಮ ಕಾಗದಗಳು ದಾರಿಯಲ್ಲಿ ಎದುರಾಗಿ ಮುಖ ನೋಡದೆ ಹೋದವು, ನಮ್ಮ ವಿಜ್ಞಾನ ಮತ್ತು ಇತಿಹಾಸದ ಟೀಚರುಗಳ ಹಾಗೆ.

ನಿಮ್ಮದನ್ನು ಓದಿ ಮೊದಲು ಕೋಪ ಬಂತು. ಪುಸ್ತಕವನ್ನು ಕಪಾಟಿಗೆ ಎಸೆದೆ. ಕಪಾಟಿನ ಬಾಗಿಲು ಮುಚ್ಚಿತ್ತು. ಗುಮಾಸ್ತರು ಓಡಿ ಬಂದರು. ಆಮೇಲೆ ನಗು ಬಂತು, ಆಮೇಲೆ ಸ್ವಲ್ಪ ಅತ್ತೆ. ಆ ಶಾಲೆಗಿಂತ ನಾನು ಕಡಿಮೆ ಎಂದುಕೊಂಡೇ ಎರಡು ತಿಂಗಳು ಕಳೆದಿದ್ದೆ. ಅಂಥ ಶಾಲೆಯೇ ಇರಲಿಲ್ಲ ಎಂದು ಗೊತ್ತಾದಾಗ ಎದೆಯ ಮೇಲಿನ ಭಾರ ಇಳಿಯಿತು. ನಿಮ್ಮ ಮೇಲೆ ಸಿಟ್ಟಿಲ್ಲ. ಇದ್ದರೂ ಡಿಸೆಂಬರಿಗೆಲ್ಲ ಇಳಿಯುತ್ತದೆ.

ಅವತ್ತೇ ಉಗ್ರಾಣಕ್ಕೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದೆ. ಚೀಟಿಗಳನ್ನು ಮೇಜಿನ ಮೇಲೆ ಸುರಿದಾಗ ಅರ್ಧ ಮಗುಚಿ ಬಿದ್ದವು. ಹಿಂಬದಿಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಚಿತ್ರಕಲೆಯ ಟೀಚರ ಬುಧವಾರದ ಚೀಟಿಯಲ್ಲಿ 'ಮೊದಲ ಪೀರಿಯಡ್ ಬೇಡ. ಅಪ್ಪನ ಆಸ್ಪತ್ರೆ. ಕೇಳುವುದು ಬೇಡ' ಎಂದಿತ್ತು. ಇತಿಹಾಸದ್ದರಲ್ಲಿ, 'ಇವರಿಗೂ ವಿಜ್ಞಾನಕ್ಕೂ ನಡುವೆ ಒಂದು ಗೋಡೆ.' ಏಳನೇ ಬಿ, 'ಊಟದ ಮೇಲೆ ಆಟಕ್ಕೆ ಬಿಡುವುದು, ಆಮೇಲೆ ಏನು ಬೇಕಾದರೂ ಕಲಿಸಬಹುದು.' ಇಂಥವು ನೂರಾರು. ಜೂನ್‌ನಲ್ಲಿ ಆ ಹಲಗೆಯ ಮುಂದೆ ಹತ್ತು ಸಲ ನಿಂತಿದ್ದೆ, ಒಂದು ಚೀಟಿಯನ್ನೂ ತಿರುಗಿಸಿ ನೋಡಿರಲಿಲ್ಲ.

ನಾನು ಹತ್ತನೇ ತರಗತಿಗೆ ಪಾಠ ಮಾಡುತ್ತೇನಲ್ಲ, ನನ್ನದೂ ಒಂದು ಚೀಟಿ ಇತ್ತು. ಹಿಂದೆ 'ಹೊಸ ಮೇಡಂಗೆ ಕುರ್ಚಿ ಎತ್ತರ. ಬಡಗಿಗೆ ಹೇಳಿದೆ' ಎಂದು ಬರೆದಿದ್ದರು.

ಚೀಟಿ ಹಿಡಿದು ಮೇಜಿನ ಕೆಳಗೆ ನೋಡಿದೆ. ನನ್ನ ಕಾಲು ಆ ಕಾಲ್ಮಣೆಯ ಮೇಲೇ ಇತ್ತು. ಎರಡು ತಿಂಗಳಿಂದ ಅದರ ಮೇಲೆ ಕಾಲಿಟ್ಟುಕೊಂಡೇ ಆ ಮನುಷ್ಯನಿಗೆ ಆಜ್ಞೆ ಮಾಡಿದ್ದೇನೆ.

ಡಬ್ಬಿ ಹಿಡಿದು ಅವರ ತರಗತಿಗೇ ಹೋದೆ. ಮಕ್ಕಳು ಮನೆಗೆ ಹೋಗಿದ್ದರು, ಅವರು ಕಪ್ಪು ಹಲಗೆ ಒರೆಸುತ್ತಿದ್ದರು.

"ಮೇಷ್ಟ್ರೇ, ನಾನು ಹಿಂಬದಿ ನೋಡಿರ್ಲಿಲ್ಲ," ಎಂದೆ.

"ನೋಡ್ಲಿ ಅಂತ ಬರ್ದಿದ್ದಲ್ಲ ಮೇಡಂ. ನಂಗೆ ಮರ್ತೋಗತ್ತೆ ಅಂತ ಬರ್ಕೊಂಡಿದ್ದು."

"ತಪ್ಪಾಯ್ತು. ಕಮಿಟಿ ತೆಗೆದುಬಿಡ್ತೀನಿ. ಹಲಗೆ ನೀವೇ ಇಟ್ಕೊಳಿ."

ಅವರು ಡಸ್ಟರನ್ನು ಕಿಟಕಿಯಾಚೆ ಕೊಡವಿ, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದರು. "ಕಮಿಟಿ ಯಾಕೆ ತೆಗೀಬೇಕು? ಇನ್ನೆರಡು ವರ್ಷಕ್ಕೆ ನಾನು ರಿಟೈರ್ ಆಗ್ತೀನಿ. ಯಾರಾದ್ರೂ ಕಲೀಬೇಕಲ್ಲ. ನನ್ನನ್ನ ಅದ್ರಲ್ಲಿ ಸೇರಿಸ್ಲಿಲ್ಲ ನೀವು, ಅಷ್ಟೇ."

ಅಷ್ಟೇ, ಮಾವ. ನಿಮ್ಮ ಸಮಿತಿಯಲ್ಲೂ ಆ ಭಾಷೆಯ ಟೀಚರು ಇರಲಿಲ್ಲ, ಅಲ್ಲವೇ?

ಈಗ ನಾಲ್ಕೂ ಜನ ಕೂತಿದ್ದಾರೆ. ಚಿತ್ರಕಲೆಯ ಟೀಚರ ಹತ್ತಿರ ಹೋಗಿ ನೋಟಿಸ್ ವಾಪಸ್ ತೆಗೆದುಕೊಂಡೆ. ಕಾರಣ ಕೇಳಲಿಲ್ಲ. ದೂರಿನ ವಿಷಯ ಅವರೂ ಎತ್ತಲಿಲ್ಲ, ಅದು ಅಧ್ಯಕ್ಷರ ಕೈ ಸೇರಿ ಆಗಿದೆ. ಆದದ್ದಾಗಲಿ. ನೀವೊಮ್ಮೆ ಇಲ್ಲಿಗೆ ಬನ್ನಿ. ನಮ್ಮ ಶಿಕ್ಷಕರಿಗೆ ನಿಮ್ಮ ಒಂಬತ್ತನೇ ದಿನದ ಕತೆ ಹೇಳಿ.

ಮೊಂಡಿ


ಸೆಪ್ಟೆಂಬರ್ ೨೪

ಮೊಂಡಿ,

ಇರಲಿಲ್ಲ. ನನ್ನ ಸಮಿತಿಯಲ್ಲಿ ಆ ಟೀಚರು ಇರಲಿಲ್ಲ. ಮೂವತ್ತು ವರ್ಷ ಆ ಅಧ್ಯಾಯವನ್ನು ಹಿಂದೆ ಮುಂದೆ ಮಾಡಿ ಪಾಠ ಹೇಳಿದವನಿಗೆ ಇದು ಹೊಳೆಯಲಿಲ್ಲ. ನಿಮ್ಮ ಮೇಷ್ಟ್ರು ಡಸ್ಟರ್ ಕೊಡವುತ್ತಾ ಹೇಳಿಬಿಟ್ಟರು. ಅವರಿಗೆ ನನ್ನ ನಮಸ್ಕಾರ ತಿಳಿಸು, ಹಗುರವಾಗಿ ತಿಳಿಸಬೇಡ.

ಅಧ್ಯಾಯವನ್ನು ಮೊದಲಿನಿಂದ ಬರೆಯಲು ಕೂತಿದ್ದೇನೆ. 'ಒಂದು ಶಾಲೆಯಲ್ಲಿ' ಎಂದಿದ್ದ ಕಡೆ 'ನಾನಿದ್ದ ಶಾಲೆಯಲ್ಲಿ' ಎಂದು ಹಾಕಿದೆ. ಅದೊಂದನ್ನು ಬರೆಯಲು ಒಂದು ಬೆಳಗು ಹಿಡಿಯಿತು. ಮುಂದಿನದು ಸರಾಗವಾಗಿ ಬಂತು. ಬಹಳ ದಿನದ ಮೇಲೆ ಬರೆಯುವುದು ಖುಷಿಯೆನಿಸಿತು.

ಬರುವುದು ಮಾತ್ರ ಸದ್ಯಕ್ಕೆ ಆಗದು. ಕರಡು ತಿದ್ದುವ ಕೆಲಸ ರಾಶಿ ಇದೆ. ಸಂಜೆ ಗೆಳೆಯರ ಜೊತೆ ಪಾರ್ಕಿಗೆ ಹೋಗುವುದನ್ನೂ ಬಿಟ್ಟಿದ್ದೇನೆ. ಅವರು ಹೇಳಿದ್ದನ್ನೇ ಹೇಳುತ್ತಾರೆ, ಕೇಳಿ ಸಾಕಾಯಿತು. ನಿಮ್ಮದು ಮೂರು ಅಂತಸ್ತಿನ ಶಾಲೆ ಎಂದೆಯಲ್ಲ, ಶಿಕ್ಷಕರ ಕೊಠಡಿ ಎಷ್ಟನೆಯದರಲ್ಲಿದೆ? ಸುಮ್ಮನೆ ಕೇಳಿದೆ.

ಇಪ್ಪತ್ತನೇ ತಾರೀಕು ನೆಟ್ಟಗೆ ಕೂತು ನಿಜ ಹೇಳು. ನನ್ನ ಹಾಗೆ ಕೊನೆಯ ಸಾಲು ತಿದ್ದಬೇಡ.

ಮಾವ


ಅಕ್ಟೋಬರ್ ೨೬

ಪ್ರೀತಿಯ ಮಾವ,

ಹೂಗುಚ್ಛ ಕೊಡಲಿಲ್ಲ! ಕುರ್ಚಿ ನನ್ನದೇ. ಬಡಗಿಗೆ ಹೇಳಿ ಅದರ ಕಾಲನ್ನೇ ಮೂರು ಬೆರಳು ಕುಯ್ಯಿಸಿದೆ. ಕಾಲ್ಮಣೆಯನ್ನು ಮಾತ್ರ ಯಾರಿಗೂ ಕೊಡುವುದಿಲ್ಲ.

ಅಧ್ಯಕ್ಷರು ಬೆಳಿಗ್ಗೆಯೇ ಬಂದರು. ದೂರಿನ ಕಾಗದ ಮುಂದಿಟ್ಟು "ಇದೇನು?" ಎಂದರು. ಅದರಲ್ಲಿರುವುದೆಲ್ಲ ನಿಜ, ತಪ್ಪು ನನ್ನದು, ಸಮಿತಿಯದಲ್ಲ ಎಂದೆ. ನೂರಾರು ಚೀಟಿಗಳಿದ್ದವು, ತಿರುಗಿಸಿ ನೋಡದೆ ಬಿಚ್ಚಿಸಿದೆ ಎಂದೂ ಹೇಳಿದೆ. ಚೀಟಿ ತೋರಿಸಿ ಎಂದರು. ತೋರಿಸಲಿಲ್ಲ. ಅವು ಬೇರೆಯವರ ವಿಷಯ. ಅವರು ಹುಬ್ಬೇರಿಸಿ ಏನೋ ಬರೆದುಕೊಂಡರು.

ಆಮೇಲೆ ಹದಿನಾರು ಜನರನ್ನೂ ಕರೆದರು. ಚಿತ್ರಕಲೆಯ ಟೀಚರು ಏನು ಹೇಳಿದರೋ ಗೊತ್ತಿಲ್ಲ, ಹೊರಗೆ ಬಂದವರು ನನ್ನನ್ನು ನೋಡಿ ತಲೆಯಾಡಿಸಿ ಹೋದರು. ಕೊನೆಯಲ್ಲಿ ಗಣಿತದ ಮೇಷ್ಟ್ರ ಸರದಿ. ಬಾಗಿಲು ತೆರೆದೇ ಇತ್ತು.

"ಹೊಸ ಮೇಡಂ ಹೇಗೆ?"

"ಕಲೀತಿದಾರೆ ಸಾರ್."

ನನಗೆ ಐವತ್ತೆಂಟು ಅಂಕವೇ ನೆನಪಾಯಿತು. ಮುಗಿಯಿತು ಎಂದುಕೊಂಡೆ. ಹೋಗುವ ಮುಂಚೆ ಅಧ್ಯಕ್ಷರು ನನ್ನ ಕೈಗೆ ಆದೇಶ ಕೊಡುತ್ತಾ ನಕ್ಕರು. "ಇದು ನಾನು ನೋಡ್ತಿರೋ ಐದನೇ ಹೆಡ್ಡು. ಕಲೀತಿದಾರೆ ಅಂತ ಆ ಮೇಷ್ಟ್ರು ಹಿಂದಿನ ನಾಲ್ಕು ಜನರಲ್ಲಿ ಯಾರ ಬಗ್ಗೇನೂ ಹೇಳಿರ್ಲಿಲ್ಲ," ಎಂದರು.

ಇನ್ನೊಂದು ವಿಷಯ. ನಿಮ್ಮ ನಮಸ್ಕಾರ ಹಗುರಾಗಬಾರದು ಎಂದಿದ್ದಿರಲ್ಲ, ಹೋದ ವಾರ ನಿಮ್ಮ ಕಾಗದವನ್ನೇ ಮೇಷ್ಟ್ರಿಗೆ ಓದಿ ಹೇಳಿದೆ. ಮಂಚ ಕೆಳಗೆ ತರಿಸಿದ ಸಂಗತಿಯೂ ಮಾತಿನ ಮಧ್ಯೆ ಬಂತು. ಅವರು ಅದನ್ನು ಕೇಳಿ ಒಂದು ಚೀಟಿ ಬರೆದು ಹಲಗೆಗೆ ಸಿಕ್ಕಿಸಿದರು. ಅವರು ಮನೆಗೆ ಹೋದ ಮೇಲೆ ನಾನದನ್ನು ತಿರುಗಿಸಿ ನೋಡಿದೆ. ಎರಡೂ ಬದಿ ಹಾಗೇ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಮುಂಬದಿಯಲ್ಲಿ 'ನವೆಂಬರ್ ೧೪, ಶುಕ್ರವಾರ, ಐದನೇ ಪೀರಿಯಡ್. ಮೇಡಂ ಅವರ ಮಾವ. ಕೊಠಡಿ ೧' ಎಂದಿದೆ. ಹಿಂಬದಿ ನೀವೇ ಓದಿ. ನಾಲ್ಕು ತಿಂಗಳು ನಿಮ್ಮ ಕಾಗದ ಓದಿದವಳು ನಾನು, ನನಗೆ ಕಾಣಲಿಲ್ಲ. ಒಂದೇ ಸಲ ಕೇಳಿದವರಿಗೆ ಕಂಡಿತು. ಯಾಕೆ ಹೇಳಲಿಲ್ಲ ನೀವು?

ಕಲಿಯುತ್ತಿರುವ,
ಮೊಂಡಿ

(ಚೀಟಿಯ ಹಿಂಬದಿ: ಮೊಣಕಾಲು ನೋವಿರಬೇಕು. ಮೆಟ್ಟಿಲು ಬೇಡ. ಕೈಯಿರುವ ಕುರ್ಚಿ. ಕೇಳಿದರೆ ಕೊಠಡಿ ೧ ಮಾತ್ರ ಖಾಲಿ ಇದೆ ಎನ್ನುವುದು.)


ನವೆಂಬರ್ ೨

ಮೊಂಡಿ,

ಆದೇಶದ ಸುದ್ದಿ ಓದಿ ಮನೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಹಾಲು ಹಾಕುವವಳು ಕಿಟಕಿಯಿಂದ ಇಣುಕಿ ನೋಡಿದಳು. ಅವಳಿಗೂ ಹೇಳಿದೆ. ನಿನ್ನ ಅಮ್ಮ ಮಾಡಬೇಕಾಗಿದ್ದ ಕೆಲಸ, ನಾನು ಮಾಡಿದೆ.

ನಾಲ್ಕನೇ ಅಧ್ಯಾಯ ನಿನ್ನೆ ಮುಗಿಯಿತು. ಈ ಸಲ ಒಂಬತ್ತನೇ ದಿನ ಹೇಗಿತ್ತೋ ಹಾಗೇ ಇದೆ. ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ನಿಮ್ಮ ಶಾಲೆಯದನ್ನು ನೀನೂ ಮೇಷ್ಟ್ರೂ ಕೂತು ಬರೆದುಕೊಡಬೇಕು. ಅದಕ್ಕೆ ನಾನೇ ಅಂಕ ಹಾಕುತ್ತೇನೆ, ಈ ಬಾರಿಯೂ ಕರುಣೆ ಇರುವುದಿಲ್ಲ.

ಹದಿನಾಲ್ಕರಂದು ಬರುತ್ತೇನೆ. ಚೀಟಿಯ ಹಿಂಬದಿ ಮೂರು ಸಲ ಓದಿದೆ. ಮೇಷ್ಟ್ರಿಗೆ ಹೇಳು, ಎಡಗಾಲು.

ಮಾವ